ಹಿತಾಸಕ್ತಿ ಸಂಘರ್ಷ: ಒಂದು ನೈತಿಕ ವಿವೇಚನೆ

ಲಂಚವು ಕಣ್ಣುಳ್ಳವರನ್ನೂ ಕುರುಡಾಗಿಸುತ್ತದೆ ಎಂಬುದು ವಿಮೋಚನಕಾಂಡದ (23:8) ಎಚ್ಚರಿಕೆ. ಆದರೆ ಲಂಚವಿಲ್ಲದೆಯೂ ಕಣ್ಣು ಮಂಜಾಗಬಹುದು. ತಾನು ತೀರ್ಮಾನಿಸಬೇಕಾದ ವಿಷಯದಲ್ಲಿ ತನಗೋ ತನ್ನವರಿಗೋ ಲಾಭನಷ್ಟವಿರುವ ಸ್ಥಿತಿಯನ್ನು ಹಿತಾಸಕ್ತಿ ಸಂಘರ್ಷವೆನ್ನುತ್ತೇವೆ. ಲಂಚವು ಕೃತ್ಯ, ಇದು ಸ್ಥಿತಿ. ಸ್ಥಿತಿಯೇ ಪಾಪವಲ್ಲ, ಅದನ್ನು ಮರೆಮಾಚಿ ತೀರ್ಪು ನೀಡುವುದು ನ್ಯಾಯಕ್ಕೆ ಬಗೆಯುವ ದ್ರೋಹ. ಈ ವ್ಯತ್ಯಾಸವನ್ನು ಗಮನಿಸದವರು, ‘ನಾನು ಯಾರಿಂದಲೂ ಹಣ ಪಡೆದಿಲ್ಲ’ ಎಂಬ ಸಮರ್ಥನೆಯೇ ಸಾಕೆಂದು ಭಾವಿಸುತ್ತಾರೆ.

ಇದು ನಮ್ಮ ನೆರೆಹೊರೆಯ ಪ್ರಶ್ನೆಯೂ ಹೌದು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಅಲ್ಲಿನ ಉಪವಿಭಾಗಾಧಿಕಾರಿ ಆಡಳಿತಗಾರರಷ್ಟೇ ಅಲ್ಲ. ಖಾತೆ ಬದಲಾವಣೆಯ ಮೇಲ್ಮನವಿಗಳನ್ನೂ, ಪರಿಶಿಷ್ಟ ಜಾತಿ ಪಂಗಡಗಳಿಗೆ ಮಂಜೂರಾದ ಜಮೀನಿಗೆ ಸಂಬಂಧಿಸಿದ 1978ರ ಕಾಯ್ದೆಯ ಅರ್ಜಿಗಳನ್ನೂ ವಿಚಾರಿಸುವ ನ್ಯಾಯದಾತರು. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆಯಾಗಿದೆ. ಅಂಥ ಕಡೆ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ಒಂದು ಕುಟುಂಬದ ವಾರ್ಷಿಕ ಆದಾಯವೇ ನಿಂತಿರುತ್ತದೆ. ವಿಚಾರಣೆ ನಡೆಸುವವರ ಬಂಧುವೇ ವಿವಾದಿತ ಜಮೀನಿನ ಖರೀದಿದಾರನೆಂದು ಊಹಿಸೋಣ. ತೀರ್ಪು ಸರಿಯಾಗಿಯೇ ಇರಬಹುದು. ಸೋತ ರೈತ ಮಾತ್ರ ಅದನ್ನು ನಂಬಲಾರ.

ಈ ನಂಬಿಕೆಯನ್ನು ಕಾಯುವುದೇ ನಾಗರಿಕ ಕಾನೂನಿನ ಉದ್ದೇಶ. ಕಾಲುವೆ ಕಂಪನಿಯೊಂದರ ಪರವಾಗಿ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ನೀಡಿದ್ದ ಆದೇಶವನ್ನು 1852ರಲ್ಲಿ ರದ್ದುಪಡಿಸಲಾಯಿತು. ಅವರು ಪಕ್ಷಪಾತ ತೋರಿದರೆಂದಲ್ಲ, ಆ ಕಂಪನಿಯಲ್ಲಿ ಅವರಿಗೆ ಷೇರುಗಳಿದ್ದವು ಎಂದು. ನಮ್ಮ ಸುಪ್ರೀಂ ಕೋರ್ಟು 1997ರಲ್ಲಿ ಅಂಗೀಕರಿಸಿದ ನ್ಯಾಯಾಂಗ ಮೌಲ್ಯಗಳ ಪ್ರಕಾರ, ತಾನು ಷೇರು ಹೊಂದಿರುವ ಕಂಪನಿಯ ಮೊಕದ್ದಮೆಯನ್ನು ನ್ಯಾಯಾಧೀಶರು, ಆ ಸಂಗತಿಯನ್ನು ತಿಳಿಸಿ ಆಕ್ಷೇಪಣೆಯಿಲ್ಲವೆಂದು ಖಚಿತವಾದ ಹೊರತು, ವಿಚಾರಿಸುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ. ವಿ. ಶೈಲೇಂದ್ರ ಕುಮಾರ್ ಅವರು 2009ರಲ್ಲಿ ತಮ್ಮ ಆಸ್ತಿ ವಿವರವನ್ನು ತಾವಾಗಿಯೇ ಪ್ರಕಟಿಸಿದರು. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯು ಶಾಸಕರು ಪ್ರತಿವರ್ಷ ತಮ್ಮ ಮತ್ತು ಕುಟುಂಬದವರ ಆಸ್ತಿ ವಿವರ ಸಲ್ಲಿಸಬೇಕೆಂದು ವಿಧಿಸುತ್ತದೆ. ಆ ವಿವರಗಳನ್ನು ಸ್ವೀಕರಿಸುವ ಪೀಠಕ್ಕೂ ಪ್ರಶ್ನೆ ತಪ್ಪಲಿಲ್ಲ: ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಶಿವರಾಜ ಪಾಟೀಲರು ನಿವೇಶನಗಳ ಕುರಿತು ಆಕ್ಷೇಪಗಳೆದ್ದಾಗ, ತಾವು ತಪ್ಪೆಸಗಿಲ್ಲವೆಂದು ಹೇಳುತ್ತಲೇ, ಅಧಿಕಾರ ವಹಿಸಿಕೊಂಡ ಎರಡು ತಿಂಗಳೊಳಗೆ, 2011ರ ಸೆಪ್ಟೆಂಬರಿನಲ್ಲಿ ರಾಜೀನಾಮೆಯಿತ್ತರು.

ಧರ್ಮಸಭೆಯ ಕಾನೂನೂ ಇದೇ ವಿವೇಕವನ್ನು ಬೋಧಿಸುತ್ತದೆ. 1983ರ ಸಂಹಿತೆಯ 1448ನೆಯ ಕಾನೂನಿನಂತೆ, ರಕ್ತಸಂಬಂಧ, ಆಪ್ತ ಸ್ನೇಹ, ತೀವ್ರ ದ್ವೇಷ, ಲಾಭದ ಆಸೆ ಇಲ್ಲವೆ ನಷ್ಟದ ಭೀತಿಯಿಂದ ತನಗೆ ಸಂಬಂಧಪಟ್ಟ ವ್ಯಾಜ್ಯವನ್ನು ನ್ಯಾಯಾಧೀಶನು ಕೈಗೆತ್ತಿಕೊಳ್ಳಕೂಡದು. ಧರ್ಮಾಧ್ಯಕ್ಷರ ಹತ್ತಿರದ ಬಂಧುಗಳು ಧರ್ಮಪ್ರಾಂತ್ಯದ ಆರ್ಥಿಕ ಸಮಿತಿಯಲ್ಲಿರುವಂತಿಲ್ಲ (492). ಅಲ್ಪ ಮೌಲ್ಯದ ವಸ್ತುಗಳ ಹೊರತು, ಸಭೆಯ ಆಸ್ತಿಯನ್ನು ಅದರ ನಿರ್ವಾಹಕರಿಗಾಗಲಿ ಅವರ ಹತ್ತಿರದ ಬಂಧುಗಳಿಗಾಗಲಿ ವಿಶೇಷ ಲಿಖಿತ ಅನುಮತಿಯಿಲ್ಲದೆ ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ (1298). ವ್ಯಾಟಿಕನ್ನಿನ ನೌಕರರು 40 ಯೂರೋಗಿಂತ ಹೆಚ್ಚು ಬೆಲೆಯ ಉಡುಗೊರೆ ಸ್ವೀಕರಿಸಬಾರದೆಂದು ವಿಶ್ವಗುರು ಫ್ರಾನ್ಸಿಸರು 2021ರಲ್ಲಿ ವಿಧಿಸಿದರು.

ಈ ಕಟ್ಟಳೆಗಳ ಹಿಂದಿರುವ ದೈವಶಾಸ್ತ್ರವನ್ನು ಸಂತ ಪೌಲರಲ್ಲಿ ಕಾಣುತ್ತೇವೆ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಕಾಣಿಕೆಯನ್ನು ಅವರು ತಾವೊಬ್ಬರೇ ನಿರ್ವಹಿಸಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗಿರಿಸಿಕೊಂಡರು. ದೇವರ ಮುಂದಷ್ಟೇ ಅಲ್ಲ, ಜನರ ಮುಂದೆಯೂ ತಮ್ಮ ನಡತೆ ಸರಿಯಾಗಿ ಕಾಣಬೇಕೆಂಬುದೇ ಅವರ ಕಾಳಜಿ (2 ಕೊರಿಂಥ 8:20-21). ಅಂತರಂಗದ ಶುದ್ಧಿಯನ್ನು ಪ್ರಭು ಬಲ್ಲರು. ನೆರೆಯವನಿಗೆ ಅದನ್ನು ಕಾಣುವ ದಾರಿಯಿಲ್ಲ. ಅವನಿಗೆ ಸಲ್ಲಬೇಕಾದದ್ದು ಕೇವಲ ಸರಿಯಾದ ತೀರ್ಪಲ್ಲ, ನಂಬಬಹುದಾದ ತೀರ್ಪು.

ಪಾಲನಾ ಸೇವೆಯಲ್ಲಿ ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಸಲಹೆ ಕೇಳಿ ಬರುವ ಅಧಿಕಾರಿಗೆ, ‘ನೀವು ಪಕ್ಷಪಾತಿಯೇ?’ ಎಂದು ಕೇಳುವುದಕ್ಕಿಂತ, ‘ಇದರಲ್ಲಿ ನಿಮ್ಮವರಿಗೆ ಏನಾದರೂ ಲಾಭವಿದೆಯೇ? ಇದ್ದರೆ ಅದನ್ನು ಎರಡೂ ಪಕ್ಷದವರಿಗೆ ತಿಳಿಸಿದ್ದೀರಾ?’ ಎಂದು ಕೇಳಬೇಕು. ಹಿಂದೆ ಸರಿಯುವುದು ತಪ್ಪೊಪ್ಪಿಗೆಯಲ್ಲ, ನ್ಯಾಯದ ಸದ್ಗುಣವೆಂದು ಮನಗಾಣಿಸಬೇಕು. ಎರಡನೆಯದಾಗಿ, ಧರ್ಮಕೇಂದ್ರದ ಕಟ್ಟಡದ ಗುತ್ತಿಗೆ, ಶಾಲೆಯ ನೇಮಕ, ಜಮೀನಿನ ವ್ಯವಹಾರ ನಮ್ಮ ಬಂಧುಮಿತ್ರರನ್ನು ಮುಟ್ಟಿದಾಗ, ಅದನ್ನು ಸಮಿತಿಗೆ ತಿಳಿಸಿ, ದಾಖಲಿಸಿ, ತೀರ್ಮಾನವನ್ನು ಇತರರಿಗೆ ಬಿಡಬೇಕು. ನಾವೇ ಪಾಲಿಸದ ಶಿಸ್ತನ್ನು ತಾಲ್ಲೂಕು ಕಚೇರಿಯವರಿಗೆ ಬೋಧಿಸುವ ಅಧಿಕಾರ ನಮಗಿಲ್ಲ.