ಗೋರಿಕಲ್ಲು ಹೇಳದ ಅಜ್ಜಿಯ ಹೆಸರು: ನಮ್ಮ ಸೀಮೆಯ ಇಂಗ್ಲಿಷ್ ಮನೆತನಗಳ ವಂಶಾವಳಿ ಹುಡುಕುವ ಬಗೆ

ನಮ್ಮೂರು ರಾಯಚೂರು ತಾಲೂಕಿನ ಗಿಲ್ಲೆಸುಗೂರು. ಓದಿದ್ದು ಎಂಜಿನಿಯರಿಂಗ್, ಶಾಸನ ಓದೋದು ರಜೆ ದಿನದ ಚಟ, ಗುರುಗಳಿಲ್ಲದೆ ಹಳೇ ಸಂಪುಟಗಳನ್ನು ಮುಂದಿಟ್ಟುಕೊಂಡು ಕಲಿತದ್ದು. ಇಂಗ್ಲಿಷರ ಗೋರಿಕಲ್ಲು ಕಂಡರೆ ಬಹಳ ದಿನ ಮೂಗು ಮುರೀತಿದ್ದೆ. ಅದರಾಗ ಓದೋದೇನದ, ಎಬಿಸಿಡಿ ಬಂದರ ಸಾಕು ಅಂತ.

ಎರಡು ವರ್ಷದ ಹಿಂದೆ ಹೊರದೇಶದಲ್ಲಿರುವ ಒಬ್ಬರು, ಪರಿಚಯದವರ ಮೂಲಕ, ಒಂದು ಗೋರಿಕಲ್ಲಿನ ಫೋಟೊ ಕಳಿಸಿದರು. ನಿಜಾಮನ ಸೈನ್ಯದಲ್ಲಿದ್ದ ತಮ್ಮ ಪೂರ್ವಜನದು, ಅವನ ತಂದೆ ತಾಯಿ ಯಾರು ಅಂತ ಗೊತ್ತಾಗಬೇಕಿತ್ತು ಅವರಿಗೆ. ನಾನು ಇಸವಿಯನ್ನು 1854 ಅಂತ ಓದಿದೆ. ಆ ವರ್ಷದ ಸಾವಿನ ದಾಖಲೆಗಳಲ್ಲಿ ಆ ಹೆಸರೇ ಇಲ್ಲ. ಎರಡು ತಿಂಗಳು ಹೋಯ್ತು. ಕೊನೆಗೆ ಸಂಜೆಯ ಓರೆ ಬಿಸಿಲಲ್ಲಿ ತೆಗೆದ ಇನ್ನೊಂದು ಫೋಟೊ ತರಿಸಿ ನೋಡಿದರೆ 1834! ಸವೆದ 3 ನನ್ನ ಕಣ್ಣಿಗೆ 5 ಆಗಿತ್ತು. ಹಳಗನ್ನಡ ಶಾಸನದಲ್ಲಿ ಮ-ವ ಗೊಂದಲಕ್ಕೆ ಹತ್ತು ಸಲ ಕಲ್ಲು ನೋಡುವ ನಾನು ಇಲ್ಲಿ ಒಂದೇ ಸಲ ನೋಡಿ ಕೂತಿದ್ದೆ.

ಅಲ್ಲಿಂದ ಮುಂದೆ ಗೋರಿಕಲ್ಲನ್ನೂ ಶಾಸನದಂತೆಯೇ ಓದತೊಡಗಿದೆ. ಮೊದಲು ಸಂಕ್ಷೇಪಗಳು. 'ಎಚ್.ಇ.ಐ.ಸಿ.ಎಸ್.' ಅಂದರೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿ. 'ಎಂ.ಎನ್.ಐ.' ಅಂದರೆ ಮದ್ರಾಸಿನ ಸಿಪಾಯಿ ಪಲ್ಟನ್ನು. 'ರೆಲಿಕ್ಟ್' ಅಂತಿದ್ದರೆ ವಿಧವೆ. ಕಂಪನಿಯೋ ನಿಜಾಮನೋ ಎಂಬುದನ್ನು ಮೊದಲೇ ಬಿಡಿಸಿಕೊಳ್ಳಬೇಕು, ಏಕೆಂದರೆ ಮುಂದೆ ಯಾವ ಕಡತ ತೆರೀಬೇಕು ಅನ್ನೋದು ಅದರ ಮೇಲೇ ನಿಂತಿದೆ. ಆಮೇಲೆ ಕಾಲ. ಶಕವರ್ಷದಲ್ಲಿ ಗತ ಯಾವುದು, ವರ್ತಮಾನ ಯಾವುದು ಎಂಬ ತಕರಾರು ನಮಗೆಲ್ಲ ಗೊತ್ತು. ಇಂಗ್ಲಿಷರಲ್ಲೂ 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. 1638ರಲ್ಲೇ ಅವರ ಕೋಠಿ ಬಂದ ಕಾರವಾರದಂಥ ಕಡೆಯ ಹಳೇ ದಾಖಲೆ ಓದುವಾಗ ಜನವರಿ, ಫೆಬ್ರವರಿ ತಾರೀಖು ಬಂದರೆ ಒಂದು ವರ್ಷ ಆಚೀಚೆ ಆದೀತು, ನೋಡ್ಕೋಬೇಕು.

ಇನ್ನೊಂದು ಎಚ್ಚರಿಕೆ: ಕಲ್ಲು ಇದ್ದಲ್ಲೆಲ್ಲ ದೇಹ ಇರೋದಿಲ್ಲ. ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಗುತ್ತಿಯಲ್ಲಿ ಹೂಳಿದರು, ಆಮೇಲೆ ಅವಶೇಷಗಳನ್ನು ಮದ್ರಾಸಿನ ಕೋಟೆಯೊಳಗಿನ ಚರ್ಚಿಗೆ ಸಾಗಿಸಿದರು. ಗುತ್ತಿಯ ಕಲ್ಲು ಈಗಲೂ ಅಲ್ಲೇ ಇದೆ.

ಇಷ್ಟೆಲ್ಲ ಸರಿಯಾಗಿ ಓದಿದರೂ ಸಿಗೋದು ಗಂಡನ ಹೆಸರು, ತಂದೆಯ ಹೆಸರು, ಪಲ್ಟನ್ನಿನ ನಂಬರು. ಈ ಸೀಮೆಯ ಮನೆತನಗಳಲ್ಲಿ ನಿಜವಾದ ತೊಡಕು ತಾಯಿಯ ಕಡೆಯದು. ನಮ್ಮ ಭಾಗದ ಎಲ್ಲರಿಗೂ ಗೊತ್ತಿರುವ ಸಾಹೇಬನನ್ನೇ ತಗೊಳ್ರಿ, ಸುರಪುರದ ಮೆಡೋಸ್ ಟೇಲರ್.

ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. 1824ರಲ್ಲಿ ಮುಂಬಯಿಗೆ ಒಬ್ಬ ವ್ಯಾಪಾರಿಯ ಕೈಕೆಳಗೆ ದುಡಿಯಲು ಬಂದವನು ನಿಜಾಮನ ಸೈನ್ಯ ಸೇರಿದ. 1840ರ ದಶಕದ ಮೊದಲಿಂದ 1853ರವರೆಗೆ ಸುರಪುರದಲ್ಲಿದ್ದು, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ. ಆತನ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ. ಗೋರಿ ಹುಡುಕಿಕೊಂಡು ಅಲ್ಲಿಗೆ ಹೋಗಬೇಡಿ. ಸತ್ತದ್ದು 1876ರಲ್ಲಿ, ಫ್ರಾನ್ಸಿನ ಮೆಂಟನ್ನಿನಲ್ಲಿ.

ಟೇಲರ್ 1832ರಲ್ಲಿ ಮದುವೆಯಾದದ್ದು ಮೇರಿ ಪಾಮರ್‌ಳನ್ನು. ಹೆಸರು ನೋಡಿದರೆ ಅಪ್ಪಟ ಇಂಗ್ಲಿಷು. ಆಕೆಯ ತಂದೆ ವಿಲಿಯಂ ಪಾಮರ್, ಹೈದರಾಬಾದಿನ ದೊಡ್ಡ ಸಾಹುಕಾರ, ನಿಜಾಮ ಸರಕಾರಕ್ಕೇ ಸಾಲ ಕೊಟ್ಟವನು. ಅವನ ತಂದೆ ಜನರಲ್ ವಿಲಿಯಂ ಪಾಮರ್, ವಾರನ್ ಹೇಸ್ಟಿಂಗ್ಸನ ಕಾರ್ಯದರ್ಶಿಯಾಗಿದ್ದು ಮುಂದೆ ಪುಣೆಯ ರೆಸಿಡೆಂಟ್ ಆದವನು. ಸಾಹುಕಾರನ ತಾಯಿ? ಬೀಬಿ ಫೈಜ್ ಬಕ್ಷ್. ಮಗ ಹುಟ್ಟಿದ್ದು 1780ರಲ್ಲಿ, ಲಖನೌದಲ್ಲಿ. ಅಂದಮೇಲೆ ಸುರಪುರದ ಸಾಹೇಬನ ಹೆಂಡತಿಯ ಅಜ್ಜಿ ಈ ನೆಲದ ಮುಸ್ಲಿಂ ಹೆಣ್ಣುಮಗಳು.

ಇದು ನಮಗೆ ತಿಳಿದಿರೋದು ಗೋರಿಕಲ್ಲಿನಿಂದಲ್ಲ. ಸುಮಾರು 1785ರಲ್ಲಿ ಬರೆದ ಪಾಮರ್ ಕುಟುಂಬದ ಒಂದು ವರ್ಣಚಿತ್ರ ಉಳಿದಿದೆ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬರೆದವನು ಜೊಫಾನಿಯೋ ರೆನಾಲ್ಡಿಯೋ ಎಂದು ಪಂಡಿತರು ಜಗಳಾಡಲಿ. ನಮಗೆ ಮುಖ್ಯವಾದದ್ದು ಅದರಲ್ಲಿ ಬೀಬಿ ಗಂಡನ ಪಕ್ಕದಲ್ಲಿ, ಮಕ್ಕಳೊಂದಿಗೆ ಕೂತಿರುವುದು. ಎರಡನೇ ಸಾಕ್ಷಿ ಮಗನ ನೌಕರಿ. ತಂದೆ ಅಷ್ಟು ದೊಡ್ಡ ಅಧಿಕಾರಿ, ಮಗ ಕಂಪನಿ ಬಿಟ್ಟು ನಿಜಾಮನ ಸೈನ್ಯ ಯಾಕೆ ಸೇರಿದ? ಇಲ್ಲಿಯ ತಂದೆ ಅಥವಾ ತಾಯಿ ಇದ್ದವರಿಗೆ ಕಂಪನಿಯ ಅಧಿಕಾರಿ ಹುದ್ದೆಗಳನ್ನು 1791ರಿಂದ ಮುಚ್ಚಿಬಿಟ್ಟಿದ್ದರು. ಅದಕ್ಕೇ ನಿಜಾಮ, ಸಿಂಧಿಯಾರ ಸೈನ್ಯಗಳಲ್ಲಿ ಇಂಥ ಹೆಸರುಗಳು ಸಾಲಾಗಿ ಸಿಗುತ್ತವೆ. ಕಲ್ಲಿನ ಮೇಲೆ 'ನಿಜಾಮನ ಸೇವೆ' ಅಂತ ಕಂಡ ತಕ್ಷಣ ನಾನು ತಾಯಿಯ ಕಡೆಯನ್ನು ಹುಡುಕಲು ಶುರು ಮಾಡ್ತೀನಿ. ಎಲ್ಲರ ವಿಷಯದಲ್ಲೂ ಅದು ಖರೆ ಆಗೋದಿಲ್ಲ, ಟೇಲರನೇ ಅದಕ್ಕೆ ಸಾಕ್ಷಿ. ಆದರೂ ಸುಳಿವು ಸುಳಿವೇ.

ಮೂರನೇದು ಜಗಳದ ಕಾಗದ. 1820ರ ದಶಕದಲ್ಲಿ ರೆಸಿಡೆಂಟ್ ಮೆಟ್ಕಾಫ್ ಪಾಮರ್ ಕೋಠಿಯ ಮೇಲೆ ಮುಗಿಬಿದ್ದ, ಕೋಠಿ ಮುಳುಗಿತು. ಆ ವ್ಯವಹಾರದ ಕಾಗದಪತ್ರ 1824ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಮನೆತನ ನೆಮ್ಮದಿಯಾಗಿ ಬಾಳಿದ್ದರೆ ಇಷ್ಟು ದಾಖಲೆ ಎಲ್ಲಿ ಉಳೀತಿತ್ತು!

ಇಂಥ ಹೆಸರಾಂತ ಮನೆತನವಲ್ಲದವರಿಗೆ ಆಧಾರ ಚರ್ಚಿನ ರಿಜಿಸ್ಟರ್. ದೀಕ್ಷಾಸ್ನಾನ, ಮದುವೆ, ಹೂಳಿದ್ದರ ನಕಲು ಪ್ರತಿಗಳನ್ನು ಪಾದ್ರಿಗಳು ಲಂಡನ್ನಿಗೆ ಕಳಿಸುತ್ತಿದ್ದರು. ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಸರಣಿಯ ಗುರುತು 'ಎನ್/2', 1698ರಿಂದ ಶುರು. ಹೈದರಾಬಾದ್ ಕಡೆಯವರನ್ನೂ ಮೊದಲು ಅದರಲ್ಲೇ ನೋಡಬೇಕು. 1998ರಲ್ಲಿ ಹುಟ್ಟಿದ ಫಿಬಿಸ್ ಎಂಬ ಸಂಘದ ಸೂಚಿ ಪುಕ್ಕಟೆ ಸಿಗುತ್ತದೆ. ನಿಜಾಮ ಸಂಸ್ಥಾನದ ಗೋರಿಬರಹಗಳ ಮಟ್ಟಿಗೆ ಕ್ರಾಫ್ಟನ್ 1941ರಲ್ಲಿ ಹೊರತಂದ ಪಟ್ಟಿ ಕೈಲಿರಲಿ. ಆಗ ಓದಲು ಬರುತ್ತಿದ್ದ ಎಷ್ಟೋ ಸಾಲು ಈಗ ಸುಣ್ಣ, ಮಳೆ, ಬೇರಿನ ಪಾಲಾಗಿವೆ. ಸ್ಮಶಾನಕ್ಕೆ ಹೋದರೆ ದಯವಿಟ್ಟು ಆ್ಯಸಿಡ್, ತಂತಿ ಬ್ರಷ್ ಮುಟ್ಟಬೇಡಿ. ಕನ್ನಡಿಯಿಂದ ಓರೆಯಾಗಿ ಬೆಳಕು ಬಿಟ್ಟರೆ ಸಾಕು. (ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದ ಬೀಡನ್ ಸಾಹೇಬನೂ ಗಣಿ ಎಂಜಿನಿಯರೇ, ನಮ್ಮ ಪೈಕಿಯವನು. ಅವರು ನಮ್ಮ ಕಲ್ಲು ಓದಿಸಿದರು, ನಾವು ಅವರ ಕಲ್ಲು ಓದೋಣ.)

ಫೋಟೊ ಕಳಿಸಿದವರ ಪೂರ್ವಜನ ದೀಕ್ಷಾಸ್ನಾನದ ದಾಖಲೆಯೂ ಕಡೆಗೆ ಸಿಕ್ಕಿತು. ತಂದೆಯ ಹೆಸರು, ಹುದ್ದೆ ಸ್ಪಷ್ಟವಾಗಿದೆ. ತಾಯಿ ಇರಬೇಕಾದಲ್ಲಿ 'ಸ್ಥಳೀಯ ಹೆಂಗಸು' ಅಂತ ಎರಡು ಶಬ್ದ. ಕಳಿಸೋದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅವರ ಮನೆಯಲ್ಲಿ ತಲೆತಲಾಂತರದಿಂದ ಅಪ್ಪಟ ಇಂಗ್ಲಿಷರು ಅಂತಲೇ ಹೇಳಿಕೊಂಡು ಬಂದಿದ್ದರು. ಕಳಿಸಿದೆ. ಒಂದು ವಾರ ಉತ್ತರ ಇಲ್ಲ. ಆಮೇಲೆ ಒಂದೇ ಸಾಲು ಬಂತು: ಆಕೆಯ ಊರು ಯಾವುದು ಅಂತೇನಾದರೂ ಬರೆದಿದ್ದಾರಾ?

ಬರೆದಿಲ್ಲ. ವಂಶಾವಳಿಯ ಹಾಳೆಯಲ್ಲಿ ಆಕೆಯ ಚೌಕ ಖಾಲಿ ಬಿಟ್ಟಿದ್ದೇನೆ. ತಂದೆಯ ಮರಣಪತ್ರ ಹುಡುಕೋದು ಇನ್ನೂ ಬಾಕಿ ಇದೆ.