ಅಂಜದೀವ್: ಕಡಲಿನಿಂದ ದಾಳಿ, ಏಳು ಬಲಿದಾನ

ವಿಜಯಪುರ: ತಿಕೋಟಾ, ಬಬಲೇಶ್ವರದ ಬಯಲಿಗೆ ಕಡಲು ಬಹುದೂರ. ಆದರೆ 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಸಿದುಕೊಂಡದ್ದು ವಿಜಯಪುರದ ಆದಿಲಶಾಹಿಗಳಿಂದಲೇ. ಆ ಆಳ್ವಿಕೆಯನ್ನು ಕೊನೆಗಾಣಿಸಿದ 1961ರ ಕಾರ್ಯಾಚರಣೆಯಲ್ಲಿ ಕಾರವಾರ ಸಮೀಪದ ಅಂಜದೀವ್ ದ್ವೀಪವೂ ಗುರಿಯಾಗಿತ್ತು.

ಡಿಸೆಂಬರ್ 18ರಂದು ‘ತ್ರಿಶೂಲ’, ‘ಮೈಸೂರು’ ಯುದ್ಧನೌಕೆಗಳ ಬೆಂಬಲದೊಂದಿಗೆ ನಾವಿಕರು ದೋಣಿಗಳಲ್ಲಿ ದಡದತ್ತ ಹೊರಟರು. ಕಡಲ ದಾಳಿಯಲ್ಲಿ ಇದೇ ಅತ್ಯಂತ ಅಪಾಯದ ಘಟ್ಟ. ದೋಣಿಯಲ್ಲಿರುವವರಿಗೆ ಯಾವ ಮರೆಯೂ ಇರುವುದಿಲ್ಲ. ತಮ್ಮವರು ದಡ ಸಮೀಪಿಸಿದಂತೆ ನೌಕೆಯ ಫಿರಂಗಿಗಳೂ ಸಂಯಮ ತಾಳಬೇಕಾಗುತ್ತದೆ.

ಮೊದಲ ತಂಡ ದಡ ಸೇರಿತು. ದ್ವೀಪದಲ್ಲಿ ಬಿಳಿ ಬಾವುಟ ಹಾರಿಸಿದ ಬಳಿಕ ಎರಡನೆಯ ತಂಡದ ಮೇಲೆ ಗುಂಡು ಹಾರಿಸಲಾಯಿತು ಎನ್ನುತ್ತದೆ ನೌಕಾಪಡೆಯ ಇತಿಹಾಸ. ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಮರುದಿನ ದ್ವೀಪ ವಶವಾಯಿತು.

ಇಂದು ಅಂಜದೀವ್ ಕಾರವಾರ ನೌಕಾನೆಲೆಯ ಭಾಗವಾಗಿದೆ. ಗೋವೆಯ ‘ಗೋಮಾಂತಕ’ ನೌಕಾ ಕೇಂದ್ರದ ಸ್ಮಾರಕವು ಆ ಏಳು ಮಂದಿಯನ್ನು ನೆನಪಿಸುತ್ತದೆ.