ಅಂಟಿ ಕುಳಿತ ಮುಳ್ಳುಂಡೆ

‘ಮೀನಿನ ಮರಿಗೆ ಈಜು ಕಲಿಸಬೇಕೇ?’ ಎನ್ನುತ್ತೇವೆ, ಅಲ್ಲವೇ ಮಕ್ಕಳೇ? ಆದರೆ ಈಜಲು ಹೆಣಗಾಡುವ ಮೀನೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಮೆರಿಕದ ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗಿನ ಮಾತು. ಎಂಟು ವರ್ಷದ ಮೊಮ್ಮಗ ಈಜು ತರಗತಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ. ಬೇರೆ ಮಕ್ಕಳೆಲ್ಲ ಆಚೆ ಬದಿ ಮುಟ್ಟಿದರೂ ಇವನು ಕೊಳದ ಅಂಚು ಬಿಡುತ್ತಿರಲಿಲ್ಲವಂತೆ. ಭಾನುವಾರ ಅವನನ್ನು ಮತ್ಸ್ಯಾಲಯಕ್ಕೆ ಕರೆದುಕೊಂಡು ಹೋದೆ.

ಅಲ್ಲೊಂದು ತೊಟ್ಟಿಯ ಗಾಜಿಗೆ ನಿಂಬೆಹಣ್ಣಿನಷ್ಟು ದೊಡ್ಡ, ಮೈಯೆಲ್ಲ ಮುಳ್ಳಿನ ಉಂಡೆಯೊಂದು ಅಂಟಿ ಕುಳಿತಿತ್ತು. ಹೆಸರು ಸ್ಪೈನಿ ಲಂಪ್‌ಸಕ್ಕರ್. ಸ್ವಲ್ಪ ಹೊತ್ತಿಗೆ ಅದು ಗಾಜು ಬಿಟ್ಟು, ಪುಟ್ಟ ರೆಕ್ಕೆಗಳನ್ನು ಪಟಪಟ ಬಡಿಯುತ್ತಾ ಗೇಣುದ್ದ ಹೋಗಿ, ಕಲ್ಲಿಗೆ ಅಂಟಿಕೊಂಡಿತು.

“ಅಜ್ಜಾ, ಮೀನಿಗೂ ಈಜು ಬರಲ್ವಾ?”

“ಬರುತ್ತೆ, ಆದ್ರೆ ಅಷ್ಟಕ್ಕಷ್ಟೇ ಕಣೋ” ಎಂದೆ.

ಈ ಮೀನು ಉತ್ತರ ಪೆಸಿಫಿಕ್ ಸಾಗರದ ತಣ್ಣೀರಿನದು. ಬಹಳಷ್ಟು ಮೀನುಗಳನ್ನು ನೀರಲ್ಲಿ ತೇಲಿಸುವ ಗಾಳಿಚೀಲ ಇದಕ್ಕಿಲ್ಲ. ದುಂಡು ಮೈ, ಚಿಕ್ಕ ರೆಕ್ಕೆ. ಸೆಳೆತಕ್ಕೆ ಸಿಕ್ಕರೆ ಕೊಚ್ಚಿಹೋಗಬೇಕಷ್ಟೆ. ಹಾಗಾಗಿ ಹೊಟ್ಟೆಯಡಿಯ ಎರಡು ಈಜುರೆಕ್ಕೆಗಳೇ ಕೂಡಿ ಬಟ್ಟಲಿನಂತಾಗಿವೆ. ಅದನ್ನು ಒತ್ತಿ ಹೀರಿ ಹಿಡಿದರೆ ಅಲೆಗೂ ಜಗ್ಗದು. ಮೈಮೇಲೆ ಹುರುಪೆಯ ಬದಲು ಗಟ್ಟಿಯಾದ ಮೊನಚು ಗುಬುಟುಗಳು. ಅದೇ ಅದರ ಕವಚ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾಯುವವನು ಅಪ್ಪ. ಮರಿಯಾಗುವವರೆಗೂ ಗೂಡಿನ ಬಳಿಯೇ ಕುಳಿತು, ರೆಕ್ಕೆಯಿಂದ ಮೊಟ್ಟೆಗಳಿಗೆ ಹೊಸ ನೀರು ಬೀಸುತ್ತಾನೆ.

ನನಗೆ ನಮ್ಮೂರಿನ ತುಂಗಾ ಹೊಳೆ ನೆನಪಾಯಿತು. ಅಲ್ಲೂ ಕಲ್ಲಿಗೆ ಅಂಟುವ ಪುಟ್ಟ ಮೀನುಗಳಿವೆ. ಅವು ಬಾಯಿಯ ಕೆಳಗಿರುವ ಬಿಲ್ಲೆಯಿಂದ ಹಿಡಿದುಕೊಳ್ಳುತ್ತವೆ. ಅವನ್ನು ನಾನು ದಡದಲ್ಲಿ ಕುಳಿತೇ ನೋಡಿದವನು. ಹೊಳೆಯಂಚಿನಲ್ಲೇ ಹುಟ್ಟಿ ಬೆಳೆದರೂ ನನಗೆ ಈಜು ಬರುವುದಿಲ್ಲ. ಹುಡುಗನಾಗಿದ್ದಾಗ ಗೆಳೆಯರು ನಕ್ಕರೆಂದು ನೀರಿಗಿಳಿಯುವುದನ್ನೇ ಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳದ ಈ ಸಂಗತಿಯನ್ನು ಅಂದು ಮೊಮ್ಮಗನಿಗೆ ಹೇಳಿದೆ.

ಅವನು ನಗಲಿಲ್ಲ. ಬಹಳ ಹೊತ್ತು ಆ ಮೀನನ್ನೇ ನೋಡಿದ.

ಮುಂದಿನ ಶನಿವಾರ ತಾನಾಗಿಯೇ ಟವೆಲ್ ಹಿಡಿದು ಹೊರಟ. ನಾನೂ ಜೊತೆಗೆ ಹೋದೆ. ಕೊಳದ ಅಂಚು ಹಿಡಿದ, ಬಿಟ್ಟ, ಎರಡು ಮಾರು ಕೈ ಬಡಿದ, ಮತ್ತೆ ಅಂಚು ಹಿಡಿದ. ಆಮೇಲೆ ನನ್ನ ಕಡೆ ತಿರುಗಿ ಕೂಗಿದ:

“ಅಜ್ಜಾ, ನೋಡಿದ್ಯಾ? ಲಂಪ್‌ಸಕ್ಕರ್!”